ಬಹಮನಿ ಪತನ ಯಾವ ವರ್ಷದಿಂದ ಹಿಡೀಬೇಕು?
ಬಹಮನಿ ಸುಲ್ತಾನರ ರಾಜ್ಯದ ಪತನದ ಪಿಎಚ್‌ಡಿ 1490ರಿಂದ, ಅಂದ್ರ ಬಿಜಾಪುರ, ಅಹಮದನಗರ ಬ್ಯಾರೆ ಆದಾಗಿಂದ ಶುರು ಮಾಡ್ಲೇನು ಅಂತ ಕೇಳೀರಲ್ರಿ, ಬ್ಯಾಡ್ರಿ, 1481ಕ್ಕ ಹೋಗ್ರಿ. ಬಹಮನಿ ಪ್ರಧಾನಿ ಮಹಮೂದ್ ಗವಾನ್ ನಾಕಿದ್ದ ಪ್ರಾಂತ್ಯ ಎಂಟು ಮಾಡಿ, ತರಫ್‌ದಾರರ, ಅಂದ್ರ ಪ್ರಾಂತ್ಯ ಆಳೋರ ಕೈಯಾಗ ಒಂದೊಂದೇ ಕಿಲ್ಲೆ ಬಿಟ್ಟಿದ್ದ, ಅದನ್ನ ಅವರಿಗೆ ತಡಕೊಳ್ಳೋದು ಆಗ್ಲಿಲ್ಲ, ಖಾಲಿ ಕಾಗದದ ಮ್ಯಾಲೆ ಅವನ ಮುದ್ರಿ ಒತ್ತಿಸ್ಕೊಂಡು, ಒಡಿಶಾ ರಾಜಗ ಬರದಂಗ ಸುಳ್ಳು ಪತ್ರ ಮಾಡಿ ಆ ವರ್ಷ ಸುಲ್ತಾನನಿಂದ ಅವನ ತಲಿ ತೆಗಿಸಿದ್ರು. ಮರುವರ್ಷ ಸುಲ್ತಾನನೂ ಸತ್ತ. ದಖನಿ (ಇಲ್ಲಿಯವರು), ಅಫಾಕಿ (ಹೊರಗಿಂದ ಬಂದವರು) ಸರದಾರರ ಜಗಳ ತಡಿಯೋರೇ ಉಳೀಲಿಲ್ಲ.

ಪುಸ್ತಕ ಓದೋದು ಇದ್ದೇ ಇರ್ತದ, ಒಂದ್ಸಲ ನಮ್ಮ ಬೀದರಕ್ಕ ಬಂದು ಅಷ್ಟೂರನಾಗಿರೋ ಬಹಮನಿ ಸುಲ್ತಾನರ ಗೋರಿ ನೋಡ್ರಿ. ಸುಲ್ತಾನ ಅಹಮದ್ ಶಾಹ ವಲಿ ಗುಮ್ಮಟದೊಳಗ ಬಂಗಾರದ ಅಕ್ಷರ ಇನ್ನೂ ಹೊಳೀತಾವ, ಕೊನೀ ಸುಲ್ತಾನ ಕಲೀಮುಲ್ಲಾನ ಗೋರಿ ಮಾತ್ರ ಸಣ್ಣದು. ನಾ ಹೋದಾಗೆಲ್ಲ ಅದರ ಮುಂದೇ ಜಾಸ್ತಿ ಹೊತ್ತು ನಿಲ್ತೀನ್ರಿ.