ಆಪ್ತಸಲಹೆ ಪ್ರಕರಣ: ಶುಕ್ರವಾರದೊಳಗೆ ಟೋಕನ್ ಕೊಡಬೇಕಂತೆ

ಸೋಮವಾರಪೇಟೆ ಕಡೆಯ ಗಂಡ ಹೆಂಡತಿ. ಸ್ವಲ್ಪ ಕಾಫಿ ತೋಟ, ಶಾಲೆಗೆ ಹೋಗುವ ಮಗಳು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಗಂಡನಿಗೆ ರಾತ್ರಿ ನಿದ್ದೆ ಇಲ್ಲ, ಮನೆಯಲ್ಲಿ ಇಬ್ಬರಿಗೂ ಮಾತಿಲ್ಲ. 2024ರಲ್ಲಿ ಕಾಫಿಗೆ ಒಳ್ಳೆ ರೇಟು ಬಂತಲ್ವಾ, ಮೊದಲ ಸಲ ಕೈಯಲ್ಲಿ ದುಡ್ಡು ನಿಂತಿದೆ. ಭಾವ ಕುಶಾಲನಗರದಲ್ಲಿ ಸೈಟು ತಗೊಂಡು ಮಾರಿ ಲಾಭ ಮಾಡಿದ್ದಾರೆ. ಈಗ ಒಬ್ಬ ಬ್ರೋಕರ್ ಮಡಿಕೇರಿ ಹತ್ತಿರ ಗುಡ್ಡದ ಮೇಲೆ ಅರ್ಧ ಎಕರೆ ತೋರಿಸಿದ್ದಾನೆ. ಹೋಂಸ್ಟೇ ಮಾಡಬಹುದು, ಬೆಂಗಳೂರಿನವರು ಕಾಯ್ತಿದ್ದಾರೆ, ಶುಕ್ರವಾರದೊಳಗೆ ಎರಡು ಲಕ್ಷ ಟೋಕನ್ ಕೊಡಿ ಅಂದಿದ್ದಾನೆ.

"ಈಗ ಬಿಟ್ರೆ ಇಂಥ ಜಾಗ ಮತ್ತೆ ಸಿಗಲ್ಲ ಮೇಡಂ" ಅಂದರು ಅವರು. ಹೆಂಡತಿ ತಲೆ ತಗ್ಗಿಸಿಕೊಂಡೇ, "ಪೇಪರ್ ನೋಡೋಣ ರೀ ಅಂದ್ರೆ ಕೋಪ ಬರುತ್ತೆ ಇವ್ರಿಗೆ. ನನ್ನ ಒಡವೆ ಅಡ ಇಡ್ಬೇಕಂತೆ" ಅಂದರು.

ಮಾತಾಡುತ್ತಾ ಹೋದ ಹಾಗೆ ಗೊತ್ತಾಯಿತು, ಅವರನ್ನು ನಿದ್ದೆಗೆಡಿಸಿದ್ದು ಆ ಜಾಗ ಅಲ್ಲ, ಭಾವನ ಮುಂದೆ ತಾನು ಹಿಂದೆ ಬಿದ್ದೆ ಅನ್ನೋ ಸಂಕಟ. ಅದನ್ನು ಹೆಂಡತಿಯ ಎದುರು ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು. ಹೊಸದಾಗಿ ಜಾಗಕ್ಕೆ ದುಡ್ಡು ಹಾಕುವವರಲ್ಲಿ ಈ ಸಂಕಟ ನಾನು ತುಂಬಾ ನೋಡುತ್ತೇನೆ. ಇಂಥವರಿಗೆ ಗಡುವು ಕೊಟ್ಟರೆ ಸಾಕು, ಪೇಪರ್ ನೋಡುವ ವ್ಯವಧಾನವೇ ಇರುವುದಿಲ್ಲ. ನಿಜವಾಗಿ ಒಳ್ಳೆ ಜಾಗ ಆಗಿದ್ದರೆ ವಕೀಲರು ಪೇಪರ್ ನೋಡುವಷ್ಟು ದಿನ ಮಾರುವವರೂ ಕಾಯುತ್ತಾರೆ. ಕಾಯೋದಿಲ್ಲ ಅಂದರೆ ಬಿಡಿ, ಅಂತ ನೇರವಾಗಿಯೇ ಹೇಳಿದೆ.

ಮೊದಲು ದುಡ್ಡಿನ ಲೆಕ್ಕ ಹಾಕಿಸಿದೆ. ಒಂದು ವರ್ಷದ ಮನೆ ಖರ್ಚು, ಮಗಳ ಫೀಸು, ಮುಂದಿನ ಕೊಯ್ಲಿನ ಕೂಲಿ, ಗೊಬ್ಬರ, ಇಷ್ಟನ್ನು ಪಕ್ಕಕ್ಕಿಟ್ಟು ಐದಾರು ವರ್ಷ ಮುಟ್ಟದೆ ಇರಬಹುದಾದದ್ದು ಎಷ್ಟು ಉಳಿಯುತ್ತದೋ ಅಷ್ಟೇ ಜಾಗಕ್ಕೆ. ಕಾಫಿ ರೇಟು ಇಳಿದ ವರ್ಷ ಜಾಗ ಮಾರೋಣ ಅಂದರೆ ವಾರದಲ್ಲಿ ಗಿರಾಕಿ ಸಿಗೋದಿಲ್ಲ. ಸ್ಟಾಂಪ್ ಡ್ಯೂಟಿ, ರಿಜಿಸ್ಟ್ರೇಷನ್, ಬೇಲಿ, ರಸ್ತೆ, ಇವೆಲ್ಲ ಬ್ರೋಕರ್ ಹೇಳುವ ರೇಟಿನಲ್ಲಿ ಇರುವುದಿಲ್ಲ. ಒಡವೆ ಮುಟ್ಟಲೇಬೇಡಿ ಅಂದೆ.

ಆಮೇಲೆ ಪೇಪರ್. ನಾನು ವಕೀಲೆ ಅಲ್ಲ, ಮಡಿಕೇರಿಯಲ್ಲಿ ಒಬ್ಬ ವಕೀಲರನ್ನು ನೀವೇ ಹುಡುಕಿಕೊಳ್ಳಿ, ಬ್ರೋಕರ್ ಹೇಳಿದವರು ಬೇಡ ಅಂದೆ. ಕೊಡಗಿನಲ್ಲಿ ಇದು ಇನ್ನೂ ಮುಖ್ಯ. ಜಮ್ಮಾ ಜಾಗ ಅಂದರೆ ತಲೆಮಾರುಗಳಿಂದ ಒಂದು ಒಕ್ಕದ, ಅಂದರೆ ಕುಟುಂಬದ ಕೈಯಲ್ಲಿರುವ ಜಾಗ, ಅದರ ಪಹಣಿಯಲ್ಲಿ ಆ ಒಕ್ಕದ ಹಲವರ ಹೆಸರು ಇರುತ್ತದೆ. ಒಬ್ಬರು ಸಹಿ ಹಾಕಿದ ಮಾತ್ರಕ್ಕೆ ಜಾಗ ನಿಮ್ಮದಾಗೋದಿಲ್ಲ. ಪೈಸಾರಿ ಅಂದರೆ ಸರ್ಕಾರದ್ದು, ಅದನ್ನು ಛಾಪಾ ಕಾಗದದಲ್ಲಿ ಬರೆದುಕೊಟ್ಟರೆ ಆ ಕಾಗದಕ್ಕೆ ಬೆಲೆ ಇಲ್ಲ. ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ ಸಾಲ, ಅಡಮಾನ ನೋಡಬೇಕು. ತೋಟದ ಜಾಗದಲ್ಲಿ ಕಾಟೇಜ್ ಕಟ್ಟಬೇಕಾದರೆ ಕನ್ವರ್ಷನ್, ಅಂದರೆ ಕೃಷಿಯೇತರ ಬಳಕೆಗೆ ಭೂಪರಿವರ್ತನೆ ಆಗಿದೆಯಾ ಕೇಳಬೇಕು. ಲೇಔಟ್ ಸೈಟು ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್, ಪಂಚಾಯ್ತಿ ವ್ಯಾಪ್ತಿಯದ್ದಾದರೆ ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ಫಾರಂ 9 ಮತ್ತು 11 ಕೇಳಬೇಕು. ಅಡ್ವಾನ್ಸ್ ಕೊಡುವುದಿದ್ದರೆ ಬ್ಯಾಂಕ್ ಮೂಲಕ, ಬರವಣಿಗೆಯ ಕರಾರಿನ ಮೇಲೆ. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸನ್ನು ನಗದಾಗಿ ತಗೊಳ್ಳೋದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ಅವಕಾಶ ಇಲ್ಲ. ಟೋಕನ್ ಎರಡು ಲಕ್ಷವನ್ನು ಬ್ರೋಕರ್ ಕೇಳಿದ್ದು ನಗದಾಗಿ.

ಇನ್ನೊಂದು ಮಾತು ಒತ್ತಿ ಹೇಳಿದೆ, ಜಾಗವನ್ನು ಜುಲೈ ಮಳೆಯಲ್ಲಿ ನೋಡಿ. ಜನವರಿಯ ಬಿಸಿಲಲ್ಲಿ ಎಲ್ಲ ಗುಡ್ಡವೂ ಚಂದ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡ ಜಾರಿ ಮನೆ, ತೋಟ ಕೊಚ್ಚಿಹೋದದ್ದನ್ನು ಇಲ್ಲಿಯವರು ಯಾರೂ ಮರೆತಿಲ್ಲ. ಅದೇ ವರ್ಷ, ಮರುವರ್ಷವೂ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನೀರು ನುಗ್ಗಿತ್ತು. ಅಕ್ಕಪಕ್ಕದ ಮನೆಯವರನ್ನು ಕೇಳಿ, ಆ ವರ್ಷ ಇಲ್ಲಿ ಏನಾಯಿತು ಅಂತ. ಅವರಿಗೆ ಮಾರಾಟದಿಂದ ಕಮಿಷನ್ ಬರೋದಿಲ್ಲ.

ಶುಕ್ರವಾರ ಟೋಕನ್ ಕೊಡಲಿಲ್ಲ. ಪಹಣಿ ತೆಗೆಸಿದಾಗ ಅದರಲ್ಲಿ ಹಲವರ ಹೆಸರಿತ್ತು, ಮಾರಲು ಬಂದವರು ಒಬ್ಬರೇ, ಉಳಿದವರ ಒಪ್ಪಿಗೆ ಪತ್ರ ಕೇಳಿದರೆ ಬ್ರೋಕರ್ ಫೋನ್ ಎತ್ತಲಿಲ್ಲ. ಸದ್ಯ ದುಡ್ಡು ಎಫ್‌ಡಿಯಲ್ಲಿದೆ, ಒಡವೆ ಮನೆಯಲ್ಲೇ ಇದೆ. ಸೈಟು ಹುಡುಕೋದು ಬಿಟ್ಟಿಲ್ಲ, ಆದರೆ ಈಗ ಪೇಪರ್ ಮೊದಲು ಹೆಂಡತಿಯ ಕೈಗೆ ಹೋಗುತ್ತದೆ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಭಾವನ ವಿಷಯ ಇನ್ನೂ ಮಾತಾಡೋದಿದೆ. ಅದಕ್ಕೆ ಗಂಡ ಒಬ್ಬರೇ ಬರುತ್ತಿದ್ದಾರೆ.