ಕೊನೇ ಕಲ್ಲು ಯಾರದು? ಗೋ ಆಟದ ಲೆಕ್ಕದ ಜಗಳ

ಪ್ರಶ್ನೆ: ಸರ್, ನಾನು ನಮ್ಮಣ್ಣ ವಾರಕ್ಕೊಂದ್ಸಲ ಗೋ ಆಡ್ತೀವಿ, ಕರಿ ಬಿಳಿ ಕಲ್ಲಿಟ್ಟು ಜಾಗ ಹಿಡಿಯೋ ಆಟ, 19×19 ದೊಡ್ಡ ಬೋರ್ಡು. ಹೋದ ಭಾನುವಾರ ನಂದು ಕರಿ, ಕೋಮಿ (ಕರಿ ಮೊದ್ಲು ಆಡೋದಕ್ಕೆ ಬಿಳಿಗೆ ಕೊಡೋ ಪಾಯಿಂಟು) ಆರೂವರೆ ಅಂತ ಮೊದ್ಲೇ ಮಾತಾಗಿತ್ತು. ಜಪಾನ್ ಥರ ಎಣಿಸಿದ್ರೆ ನಾನು 6 ಮುಂದೆ, ಅಂದ್ರೆ ಅರ್ಧ ಪಾಯಿಂಟಲ್ಲಿ ಸೋತೆ. ಸಿಟ್ಟಿಗೆ ಅದೇ ಬೋರ್ಡನ್ನ ಚೀನಾ ಥರ ಎಣಿಸಿದೆ, 7 ಮುಂದೆ ಬಂತು, ಅರ್ಧ ಪಾಯಿಂಟಲ್ಲಿ ಗೆದ್ದೆ! ಅಣ್ಣ ನೋಡಿದ್ರೆ ನಾನು ಕಲ್ಲು ಸರಿಸಿದೀನಿ ಅಂತಾನೆ. ಯಾರು ಸರಿ?
- ಶಿವಮೊಗ್ಗದ ಓದುಗರು

ಉತ್ತರ: ಕಲ್ಲು ಸರಿಸಿಲ್ಲ ಅಂತ ನಿಮ್ಮಣ್ಣಂಗೆ ಧೈರ್ಯವಾಗಿ ಹೇಳಿ. ಮಧ್ಯೆ ಯಾರೂ ಪಾಸ್ ಮಾಡಿಲ್ಲ ಅಂದ್ರೆ ಬೋರ್ಡ್ ಮೇಲಿನ ಕೊನೇ ಕಲ್ಲು ನೀವೇ ಇಟ್ಟಿರ್ತೀರ, ಇಲ್ಲಿಂದಾನೇ ಹೇಳ್ಬೋದು.

ಜಪಾನ್ ಲೆಕ್ಕ, ಅಂದ್ರೆ ಟೆರಿಟರಿ ಲೆಕ್ಕದಲ್ಲಿ, ನೀವು ಬೇಲಿ ಹಾಕ್ಕೊಂಡ ಖಾಲಿ ಜಾಗ ಮತ್ತೆ ಹಿಡಿದ ಕಲ್ಲು, ಅಷ್ಟೇ. ಚೀನಾದ ಏರಿಯಾ ಲೆಕ್ಕದಲ್ಲಿ ಖಾಲಿ ಜಾಗದ ಜೊತೆ ಬೋರ್ಡ್ ಮೇಲೆ ಜೀವಂತ ಇರೋ ಕಲ್ಲುಗಳೂ ಸೇರ್ತವೆ, ಹಿಡಿದಿದ್ದನ್ನ ಯಾರೂ ಕೇಳಲ್ಲ. ಹಂಗಾಗಿ ಇಟ್ಟ ಪ್ರತಿ ಕಲ್ಲಿಗೂ ಒಂದು ಪಾಯಿಂಟ್ ಎಕ್ಸ್‌ಟ್ರಾ ಸಿಕ್ಕಂಗೆ, ಆದ್ರೆ ಇಬ್ರೂ ಒಂದೊಂದು ಇಡ್ತಾ ಹೋಗೋದ್ರಿಂದ ಅದು ಅಲ್ಲಿಗಲ್ಲಿಗೆ ಹೊಡ್ಕೊಂಡು ಹೋಗುತ್ತೆ. ಉಳಿಯೋದು ಕೊನೇದು ಮಾತ್ರ. ಕರಿ ಮೊದಲು ಶುರು ಮಾಡಿ ಕೊನೇದೂ ಕರಿಯೇ ಇಟ್ರೆ ಕರಿ ಒಂದು ಕಲ್ಲು ಜಾಸ್ತಿ ಇಟ್ಟಂಗಾಯ್ತು, 6 ಹೋಗಿ 7 ಆಗೋದು ಅಲ್ಲೇ.

ಆದ್ರೆ ಗೆದ್ದೆ ಅಂತ ಕುಣೀಬೇಡಿ! ಚೀನಾದಲ್ಲಿ ಕೋಮಿ ಏಳೂವರೆ, ಜಪಾನ್ ಕೊರಿಯಾದಲ್ಲಿ ಆರೂವರೆ. ಲೆಕ್ಕ ಅಲ್ಲೀದು ಕೋಮಿ ಇಲ್ಲೀದು ಅಂದ್ರೆ ಆಗುತ್ತಾ. ಏಳೂವರೆ ಕೊಟ್ಟು ನೋಡಿ, ಮತ್ತೆ ಅರ್ಧ ಪಾಯಿಂಟಲ್ಲೇ ಸೋತಿದೀರ. ಜಪಾನ್ ಲೆಕ್ಕದಲ್ಲಿ 8 ಮುಂದೆ ಇದ್ದಿದ್ರೆ ಅಲ್ಲಿ 9 ಆಗಿ ಎರಡೂ ಕಡೆ ಗೆಲ್ತಿದ್ರಿ. ನಿಜವಾದ ಮಜಾ ಇರೋದು ಸರಿಯಾಗಿ 7 ಬಂದಾಗ, ಆಗ ಕೊನೇ ಕಲ್ಲು ಬಿಳಿದು, ಏರಿಯಾದಲ್ಲೂ 7ಕ್ಕೇ ನಿಲ್ಲುತ್ತೆ, ಟೋಕಿಯೋದಲ್ಲಿ ಗೆದ್ದೋರು ಬೀಜಿಂಗಲ್ಲಿ ಸೋತ್ರು. ಬೋರ್ಡಲ್ಲಿರೋ ಜಾಗ 19×19 ಅಂದ್ರೆ 361, ಬೆಸ ಸಂಖ್ಯೆ ಆಗಿರೋದ್ರಿಂದ ಏರಿಯಾ ಲೆಕ್ಕದಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ಬೆಸವೇ ಬರುತ್ತೆ, 8 ಅನ್ನೋದು ಬರೋದು ಸೆಕಿ ಅಂತ ಯಾವ್ದಾದ್ರೂ ಮೂಲೇಲಿ ಇಬ್ರಿಗೂ ಸೇರದ ಜಾಗ ಉಳ್ಕೊಂಡಾಗ ಮಾತ್ರ.

2017ರ ಮೇ 23ಕ್ಕೆ ಚೀನಾದ ವೂಝೆನ್‌ನಲ್ಲಿ ಅಲ್ಲಿನ ಆಟಗಾರ ಕೆ ಜೀ, ಆಲ್ಫಾಗೋ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ಜೊತೆ ಮೊದಲ ಗೇಮಲ್ಲಿ ಸೋತಿದ್ದು ಹಿಂಗೇ ಕೂದಲೆಳೆಯಲ್ಲಿ. ಅವರದು ಕರಿ, 184ಕ್ಕೆ 177, ಅಂದ್ರೆ 7 ಮುಂದೆ, ಕೋಮಿ ಏಳೂವರೆ, ಅರ್ಧ ಪಾಯಿಂಟು ಸಾಲಲಿಲ್ಲ. ಗೆಲ್ಲೋಕೆ 185 ಬೇಕಿತ್ತು. ಹಂಗಂತ ಜಪಾನ್ ರೂಲ್ಸಲ್ಲಿ ಆಡಿದ್ರೆ ಗೆಲ್ತಿದ್ರು ಅಂತ ಹೇಳೋಕೆ ಬರಲ್ಲ, ರೂಲ್ಸ್ ಬೇರೆ ಇದ್ದಿದ್ರೆ ಆ ಮಷೀನೂ ಬೇರೆ ಥರ ಆಡ್ತಿತ್ತು.

ಪ್ರಶ್ನೆ: ಹಂಗಾದ್ರೆ ಎಂಡ್‌ಗೇಮ್, ಅಂದ್ರೆ ಆಟದ ಕೊನೇ ಭಾಗ, ಆಡೋದೇ ಬೇರೆ ಥರಾನಾ?
- ಅದೇ ಓದುಗರು, ಎರಡನೇ ಪತ್ರ

ಉತ್ತರ: ಮುಕ್ಕಾಲು ಪಾಲು ಇಲ್ಲ. ದೊಡ್ಡದನ್ನ ಮೊದ್ಲು ತಗೊಳ್ಳಿ ಅನ್ನೋದು ಎರಡಕ್ಕೂ ಒಂದೇ. ಬಾಲದಲ್ಲಿ ಮಾತ್ರ ಬದಲಾಗುತ್ತೆ. ಯಾರಿಗೂ ಸೇರದ ಖಾಲಿ ಜಾಗಕ್ಕೆ ದಾಮೆ ಅಂತಾರೆ, ಜಪಾನಲ್ಲಿ ಅದಕ್ಕೆ ಸೊನ್ನೆ, ಚೀನಾದಲ್ಲಿ ಒಂದು ಪಾಯಿಂಟ್. ನಿಮ್ಮ ಮನೆ ಒಳಗೇ ಕಲ್ಲಿಟ್ಟು ಭದ್ರ ಮಾಡ್ಕೊಳ್ಳೋದಿದೆ ಅಂತಿಟ್ಕೊಳ್ಳಿ, ಜಪಾನಲ್ಲಿ ಯಾವಾಗ ಇಟ್ರೂ ಒಂದು ಹೋಯ್ತು, ಚೀನಾದಲ್ಲಿ ದಾಮೆ ಎಲ್ಲಾ ಮುಗಿದ್ಮೇಲೆ ಇಟ್ರೆ ಪುಕ್ಸಟ್ಟೆ, ಮುಂಚೆನೇ ಇಟ್ರೆ ಒಂದು ದಾಮೆ ಎದುರಾಳಿ ಪಾಲು. ಅದಕ್ಕೇ ಕುತ್ತಿಗೆಗೆ ಬರೋವರೆಗೂ ಮುಂದೂಡಿ, ಆದ್ರೆ ಬಂದಿದ್ದು ಗೊತ್ತಾಗ್ಬೇಕು, ನಾನೇ ಒಂದ್ಸಲ ದಾಮೆ ಆಸೆಗೆ ಹೋಗಿ ಹನ್ನೊಂದು ಕಲ್ಲು ಕಳ್ಕೊಂಡಿದೀನಿ.

ಇನ್ನು ಕೊನೇಲಿ ಉಳಿಯೋ ಚಿಕ್ಕ ಕೋ, ಅಂದ್ರೆ ಇಬ್ರೂ ಸರದಿ ಮೇಲೆ ಒಂದೊಂದು ಕಲ್ಲು ಹಿಡೀತಾ ಇರ್ಬೋದಾದ ಜಾಗ; ತಕ್ಷಣ ವಾಪಸ್ ಹಿಡಿಯೋಹಂಗಿಲ್ಲ, ಮಧ್ಯೆ ಬೇರೆ ಕಡೆ ಒಂದು ನಡೆ ಆಡ್ಬೇಕು. ಜಪಾನಲ್ಲಿ ದಾಮೆಗೆ ಬೆಲೆಯೇ ಇಲ್ಲ, ಹಂಗಾಗಿ ಕೋ ಗೆದ್ದೋರು ಅದನ್ನ ತುಂಬ್ತಾರೆ, ಕಥೆ ಮುಗೀತು. ಚೀನಾದಲ್ಲಿ ಎದುರಾಳಿ ಹತ್ರ ಕೋ ಬೆದರಿಕೆ (ಉತ್ರ ಕೊಡ್ಲೇಬೇಕಾದ ನಡೆ) ಖಾಲಿ ಆಗಿ ನಿಮ್ಮ ಹತ್ರ ಇನ್ನೂ ಉಳಿದಿದ್ರೆ ನೀವು ಕೋ ತುಂಬದೆ ಹಂಗೇ ಬಿಟ್ಟು ದಾಮೆ ತಗೊಂಡು, ಆಮೇಲೆ ಸಾವಕಾಶವಾಗಿ ಕೋ ತುಂಬ್ಬೋದು, ಎರಡೂ ನಿಮ್ದೇ. ಅರ್ಧ ಪಾಯಿಂಟಿನ ಆಟದಲ್ಲಿ ಇದೇ ಗೇಮು. ಅದಕ್ಕೇ ಬೆದರಿಕೆಗಳನ್ನ ಸುಮ್‌ಸುಮ್ನೆ ಮಧ್ಯದಲ್ಲಿ ಖರ್ಚು ಮಾಡ್ಬೇಡಿ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ 9×9 ಬೋರ್ಡಲ್ಲಿ ಕಲಿಸ್ತಿದೀನಿ, ಯಾವ ಲೆಕ್ಕ ಹೇಳ್ಕೊಡ್ಲಿ?
- ಧಾರವಾಡದ ಓದುಗರು

ಉತ್ತರ: ಏರಿಯಾ, ಕಣ್ಮುಚ್ಕೊಂಡು. ಈ ಕಲ್ಲು ಸತ್ತಿದೆಯೋ ಇಲ್ವೋ ಅಂತ ಮಗು ತಕರಾರು ತೆಗೆದೇ ತೆಗೆಯುತ್ತೆ, ಆಡಿ ತೋರಿಸಿ, ಮನೆ ಒಳಗೆ ಕಲ್ಲು ಇಟ್ಟಿದ್ದಕ್ಕೆ ಏನೂ ಕಟ್ ಆಗಲ್ಲ. ಜಪಾನ್ ಲೆಕ್ಕದಲ್ಲಿ ಹಂಗೆ ಆಡಿ ತೋರಿಸೋಕೆ ಹೋದ್ರೆ ನಿಮ್ಮದೇ ಪಾಯಿಂಟ್ ಸವೆಯುತ್ತೆ, ಅದಕ್ಕೆ ಅವರ 1989ರ ರೂಲ್ಸಲ್ಲಿ ಆಟ ನಿಂತ್ಮೇಲೆ ಮನಸಲ್ಲೇ ಆಡಿ ನೋಡೋ ವಿಧಾನ ಇದೆ, ಎಂಟು ವರ್ಷದೋರಿಗೆ ಬೇಡ ಬಿಡಿ. ಮುಂದೆ ಜಪಾನ್ ಥರ ಎಣಿಸೋ ಆಸೆ ಬಂದ್ರೆ ಅಮೆರಿಕನ್ ಗೋ ಅಸೋಸಿಯೇಶನ್‌ನೋರ ಉಪಾಯ ಚೆನ್ನಾಗಿದೆ: ಪಾಸ್ ಮಾಡಿದಾಗೆಲ್ಲ ಎದುರಾಳಿಗೆ ಒಂದು ಕಲ್ಲು ಕೊಡ್ಬೇಕು, ಕೊನೇ ಪಾಸ್ ಬಿಳಿದೇ ಆಗ್ಬೇಕು, ಆಗ ಎರಡು ಲೆಕ್ಕವೂ ಒಂದೇ ಉತ್ತರ ಕೊಡುತ್ತೆ.

ಸದ್ಯಕ್ಕೆ ಕರಿ ಒಂದನ್ನೇ ಎಣಿಸೋಕೆ ಹೇಳಿ, 81ರಲ್ಲಿ ಕಳೆದ್ರೆ ಬಿಳಿದು ಸಿಗುತ್ತೆ. ಕಳೆಯೋ ಲೆಕ್ಕದ ಹೋಮ್‌ವರ್ಕೂ ಆಯ್ತು.