ಕಂದು ಹಲ್ಲಿಗೆ ವಿನೀರ್ ಒಂದೇ ದಾರಿಯೇ?

ಪ್ರಶ್ನೆ: ನನಗೆ 24 ವರ್ಷ. ಬೋರ್‌ವೆಲ್ ನೀರು ಕುಡಿದೇ ಬೆಳೆದವಳು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ, ಅಲ್ಲಲ್ಲಿ ಸುಣ್ಣ ಬಳಿದಂಥ ಮಚ್ಚೆ. ಎರಡು ತಿಂಗಳಲ್ಲಿ ಮದುವೆ. ಮೇಲಿನ ಎಂಟು ಹಲ್ಲಿಗೂ ವಿನೀರ್ ಹಾಕಿಸಿ ಎಂದಿದ್ದಾರೆ ಡಾಕ್ಟರ್. ಹಲ್ಲು ತೇಯ್ದು ಮೊಳೆಯಂತೆ ಮಾಡುತ್ತಾರಂತೆ, ನಿಜವೇ?
– ಹೆಸರು ಬೇಡ, ಪಾವಗಡ

ಉತ್ತರ: ಮೊಳೆಯಂತೆ ತೇಯುವುದು ಕ್ಯಾಪಿಗೆ, ವಿನೀರಿಗಲ್ಲ. ವಿನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಪದರ. ವಿನೀರಿಗೆ ಹಲ್ಲಿನ ಮುಂಭಾಗದಲ್ಲಿ ಸುಮಾರು ಅರ್ಧ ಮಿ.ಮೀ., ಅಂದರೆ ಉಗುರಿನಷ್ಟು ದಪ್ಪ ತೆಗೆದರೆ ಸಾಕು. ಆದರೆ ತೆಗೆದ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಕಲೆ ಎಷ್ಟು ಆಳಕ್ಕಿದೆ ಎಂದು ಮೊದಲು ನೋಡಿಸಿ.

ನೀವು ಹೇಳುವ ಲಕ್ಷಣ ಬೋರ್‌ವೆಲ್ ನೀರಿನಲ್ಲಿ ಹೆಚ್ಚಿದ್ದ ಫ್ಲೋರೈಡಿನದೇ ಇರಬೇಕು. ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ, ಸುಮಾರು ಎಂಟು ವರ್ಷದೊಳಗೆ, ಆಗುವ ದೋಷವಿದು. ಎಷ್ಟು ಬ್ರಷ್ ಮಾಡಿದರೂ ಹೋಗದು. ಆದರೂ ಕಂದು ಬಣ್ಣ ಎಷ್ಟೋ ಜನರಲ್ಲಿ ಮೇಲ್ಪದರದಲ್ಲೇ ಇರುತ್ತದೆ. ಅದಕ್ಕೆ ಮೈಕ್ರೋಅಬ್ರೇಷನ್ ಸಾಕಾಗಬಹುದು: ರಬ್ಬರ್ ಹಾಳೆಯಿಂದ ಒಸಡು ಮುಚ್ಚಿ, ಹೈಡ್ರೋಕ್ಲೋರಿಕ್ ಆಮ್ಲ ಬೆರೆತ ಪೇಸ್ಟಿನಿಂದ ಕಲೆಯನ್ನು ತೀಡುತ್ತಾರೆ. ಆಮೇಲೂ ಬಣ್ಣ ಉಳಿದರೆ ಬ್ಲೀಚ್: ಹಲ್ಲಿನ ಸಾಲಿಗೆ ತೊಡಿಸುವ ಟ್ರೇಯಲ್ಲಿ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್, ರಾತ್ರಿ ಹೊತ್ತು, ಎರಡು ಮೂರು ವಾರ. ಮೊದಮೊದಲು ಬಿಳಿ ಮಚ್ಚೆ ಇನ್ನಷ್ಟು ಎದ್ದು ಕಂಡರೆ ಗಾಬರಿಯಾಗಬೇಡಿ.

ಎನಾಮಲ್ ಗುಳಿಬಿದ್ದಿದ್ದರೆ, ಚಕ್ಕೆ ಎದ್ದಿದ್ದರೆ ವಿನೀರ್ ಸರಿ. ಅಲ್ಲೂ ಬ್ಲೀಚ್ ಮೊದಲೇ ಆಗಲಿ. ಇಲ್ಲದಿದ್ದರೆ ಗಾಢ ಕಲೆ ತೆಳು ಪಿಂಗಾಣಿಯ ಹಿಂದಿನಿಂದ ಬೂದುಬೂದಾಗಿ ಇಣುಕುತ್ತದೆ. ಬ್ಲೀಚ್ ಮುಗಿದ ಮೇಲೆ ಎರಡು ವಾರ ಬಿಡಬೇಕು. ಅದಕ್ಕೂ ಮುಂಚೆ ವಿನೀರ್ ಅಂಟಿಸಿದರೆ, ಹಲ್ಲಿನಲ್ಲಿ ಉಳಿದ ಆಮ್ಲಜನಕ ಅಂಟನ್ನು ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ. ಈಗಲೇ ಶುರುಮಾಡಿದರೆ ಮದುವೆಯೊಳಗೆ ಎಲ್ಲ ಮುಗಿದೀತು.

ಒಂದು ಮಾತು ಡಾಕ್ಟರನ್ನು ಕೇಳಲೇಬೇಕು. ಅಂಟು ಹಿಡಿಯಲೆಂದು ಹಲ್ಲನ್ನು ಆಮ್ಲದಿಂದ ಒರಟು ಮಾಡುತ್ತಾರೆ; ಫ್ಲೋರೈಡ್ ಹಿಡಿದ ಎನಾಮಲ್‌ನ ಹೊರಪದರ ಆ ಆಮ್ಲಕ್ಕೆ ಸುಲಭವಾಗಿ ಜಗ್ಗದು. ಅಂಟಿಸುವ ಮುನ್ನ 37% ಫಾಸ್ಫಾರಿಕ್ ಆಮ್ಲವನ್ನು ಎಲ್ಲರಿಗೂ ಹಚ್ಚುವಂತೆ 15–30 ಸೆಕೆಂಡ್ ಹಚ್ಚಿ ತೊಳೆದರೆ ಹಿಡಿತ ಸಾಲದೆ ಹೋಗಬಹುದು. ಆ ಪದರವನ್ನು ತೇಯ್ದು, ಹೆಚ್ಚು ಹೊತ್ತು ಆಮ್ಲ ಬಿಡುತ್ತಾರೆಯೇ? ವಿನೀರ್ ಒಡೆಯದೆ ಇಡಿಯಾಗಿ ಕಳಚಿ ಕೈಗೆ ಬಂತೆಂದರೆ ಸೋತದ್ದು ಬಹುಪಾಲು ಅಂಟು, ಪಿಂಗಾಣಿಯಲ್ಲ. ಆದರೆ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಪಿಂಗಾಣಿಯೇ ಒಡೆಯಬಹುದು. ಅಂಥವರಿಗೆ ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ತೊಡುವ ರಕ್ಷಾಕವಚ) ಬೇಕು.

ಎಂಟೇ ಏಕೆ ಎಂದೂ ಕೇಳಿ. ನಕ್ಕಾಗ ಕಾಣುವುದು ಆರೇ ಆದರೆ ಆರು ಸಾಕು. ತೇಯುವ ಮೊದಲು ಹಲ್ಲಿನ ಮೇಲೆ ತಾತ್ಕಾಲಿಕ ಮಾದರಿ ಕೂರಿಸಿ ತೋರಿಸಲಿ. ಅದನ್ನು ಕ್ಲಿನಿಕ್ಕಿನ ದೀಪದಡಿ ಅಲ್ಲ, ಕಿಟಕಿಯ ಬೆಳಕಿನಲ್ಲಿ ನೋಡಿ. ಅಪ್ಪಟ ಬಿಳಿ ಆರಿಸಬೇಡಿ: ಮಾತಾಡುವಾಗ ಕೆಳಸಾಲೂ ಕಾಣುತ್ತದೆ, ಅದು ಕಂದಾಗಿಯೇ ಇರುತ್ತದಲ್ಲ!